ಕೊಡಗಿನ ಮದುವೆಗೆ ಮೇಕಪ್ ಆರ್ಟಿಸ್ಟ್: ಕಿಂಡಿಯ ಹಾಲಿಗೂ ಅಕ್ಷತೆಗೂ ತಡೆಯುವ ಕೆಲಸ ಯಾರದು?

ಕೊಡಗಿನಲ್ಲಿ ಮದುವೆಯ ಮೇಕಪ್‌ಗೆ ಈಗ ಮೂರು ಬಗೆಯವರು ಸಿಗುತ್ತಾರೆ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಬ್ಯೂಟಿ ಪಾರ್ಲರ್‌ಗಳ ಬ್ರೈಡಲ್ ಪ್ಯಾಕೇಜ್ ಒಂದು. ಅಂಗಡಿ ಇಟ್ಟುಕೊಳ್ಳದೆ ಮನೆಗೋ ಮದುವೆ ನಡೆಯುವ ಕೊಡವ ಸಮಾಜದ ಕಟ್ಟಡಕ್ಕೋ ಬಂದು ಮಾಡಿಕೊಡುವ ಇಲ್ಲಿನವರೇ ಆದ ಆರ್ಟಿಸ್ಟ್‌ಗಳು ಇನ್ನೊಂದು. ಮೈಸೂರು, ಬೆಂಗಳೂರು, ಮಂಗಳೂರಿನಿಂದ ಕರೆಸಿಕೊಳ್ಳುವವರು ಮೂರನೆಯದು. ಮೂರರಲ್ಲೂ ಒಳ್ಳೆಯ ಕೈಗಳಿವೆ. ಆದರೆ ಇನ್‌ಸ್ಟಾಗ್ರಾಂ ಪುಟ ನೋಡಿ ಅದನ್ನು ಕಂಡುಹಿಡಿಯಲಾಗದು. ಅಲ್ಲಿರುವ ಫೋಟೊಗಳೆಲ್ಲ ಬ್ರಷ್ ಕೆಳಗಿಟ್ಟ ಕೂಡಲೇ ತೆಗೆದವು. ಕೊಡವ ಮದುವೆಯಲ್ಲಿ ಮೇಕಪ್‌ನ ನಿಜವಾದ ಪರೀಕ್ಷೆ ಶುರುವಾಗುವುದೇ ಅಲ್ಲಿಂದ ಮುಂದೆ.

ಮುಹೂರ್ತಕ್ಕೆ ಮುಕ್ಕಾಲಿಯ (ಮೂರು ಕಾಲಿನ ಪೀಠದ) ಮೇಲೆ ಕೂತ ಮದುಮಗಳ ಹತ್ತಿರ ಹಿರಿಯರು, ನೆಂಟರು, ಊರವರು ಒಬ್ಬೊಬ್ಬರಾಗಿ ಬರುತ್ತಾರೆ. ಮೊಣಕಾಲು, ಹೆಗಲು, ತಲೆಯ ಮೇಲೆ ಅಕ್ಕಿ ಹಾಕುತ್ತಾರೆ, ಕಿಂಡಿಯಿಂದ, ಅಂದರೆ ಮೂತಿಯಿರುವ ಚಿಕ್ಕ ಪಾತ್ರೆಯಿಂದ, ಹಾಲು ಕುಡಿಸುತ್ತಾರೆ, ಕೈಗೆ ಹಣ ಕೊಟ್ಟು ಹರಸುತ್ತಾರೆ. ದೊಡ್ಡ ಒಕ್ಕದ (ಮನೆತನದ) ಮದುವೆಯಾದರೆ ಈ ಸಾಲು ಗಂಟೆಗಟ್ಟಲೆ ಮುಗಿಯುವುದಿಲ್ಲ. ಆಮೇಲೆ ಗಂಗಾಪೂಜೆ. ತಲೆಯ ಮೇಲೆ ನೀರಿನ ಕೊಡ ಹೊತ್ತು ನಿಂತ ಹೆಣ್ಣಿನ ಮುಂದೆ ಗಂಡಿನ ಕಡೆಯವರು ವಾಲಗಕ್ಕೆ ಕುಣಿಯುತ್ತಾ ದಾರಿ ಕಟ್ಟುತ್ತಾರೆ. ಕುಣಿಯುವವರ ಉಮೇದಿನ ಮೇಲೆ ಅದೂ ಒಂದೆರಡು ಗಂಟೆ ಹಿಡಿಯಬಹುದು. ಆದ್ದರಿಂದ ಆರ್ಟಿಸ್ಟ್‌ಗೆ ಕೇಳಬೇಕಾದ ಮೊದಲ ಪ್ರಶ್ನೆ ರೇಟ್ ಎಷ್ಟು ಎಂಬುದಲ್ಲ. ‘ಮುಹೂರ್ತದಲ್ಲಿ ಹಾಲು ಕುಡಿಸ್ತಾರೆ, ಲಿಪ್‌ಸ್ಟಿಕ್‌ಗೆ ಏನು ಮಾಡ್ತೀರಿ?’ ಎಂದು ಕೇಳಿ ನೋಡಿ. ಕೊಡವ ಮದುವೆ ಮಾಡಿಸಿದವರು ತಡವರಿಸದೆ ಉತ್ತರ ಕೊಡುತ್ತಾರೆ.

ಸರಿಯಾದ ಉತ್ತರ ಹೀಗಿರುತ್ತದೆ. ಟ್ರಾನ್ಸ್‌ಫರ್ ಆಗದ ಮ್ಯಾಟ್ ಲಿಕ್ವಿಡ್ ಲಿಪ್‌ಸ್ಟಿಕ್ ನೀರಿಗೆ ಜಗ್ಗುವುದಿಲ್ಲ, ಆದರೆ ಜಿಡ್ಡಿಗೆ ಕರಗುತ್ತದೆ. ಹಾಲಿನಲ್ಲಿ ಜಿಡ್ಡಿದೆ. ಪ್ರತಿ ಗುಟುಕಿಗೂ ತುಟಿಯ ಒಳಅಂಚು ಸ್ವಲ್ಪ ಸ್ವಲ್ಪ ಬಿಡುತ್ತಾ ಹೋಗಿ, ಹೊರಗೆ ಕೆಂಪು ಗೆರೆ, ಒಳಗೆ ಬಿಳಿಚಿದ ತುಟಿ ಉಳಿಯುತ್ತದೆ. ಹಾಗಾಗದಿರಲು ಮೊದಲು ಲಿಪ್ ಲೈನರ್‌ನಿಂದ ಅಂಚನ್ನಷ್ಟೇ ಬರೆಯದೆ ತುಟಿಯನ್ನು ಪೂರ್ತಿ ತುಂಬಬೇಕು. ಮೇಲೊಂದು ತೆಳು ಕೋಟ್ ಹಚ್ಚಿ, ಟಿಶ್ಯೂ ಒತ್ತಿ, ಆ ಟಿಶ್ಯೂವಿನ ಮೇಲಿನಿಂದಲೇ ಚೂರು ಪೌಡರ್ ಸವರಿ, ಎರಡನೇ ಕೋಟ್ ಹಚ್ಚಬೇಕು. ಹೊಳಪಿನ ಲಿಪ್ ಗ್ಲಾಸ್ ಹಚ್ಚಲೇಬಾರದು. ಮದುಮಗಳ ಪಕ್ಕದಲ್ಲೇ ಇದ್ದು ನೋಡಿಕೊಳ್ಳುವ ಹೆಂಗಸು, ಬೋಜಕಾರ್ತಿಯ ಕೈಗೆ ಅದೇ ಶೇಡ್‌ನ ಲಿಪ್‌ಸ್ಟಿಕ್, ನಾಲ್ಕು ಟಿಶ್ಯೂ, ಚಿಕ್ಕ ಕನ್ನಡಿ ಕೊಟ್ಟಿರಬೇಕು. ಇಷ್ಟನ್ನು ಕೇಳದೆಯೇ ಹೇಳುವ ಆರ್ಟಿಸ್ಟ್ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

ಎರಡನೆಯದು ತಲೆ. ನಗರದವರ ಪೋರ್ಟ್‌ಫೋಲಿಯೊದಲ್ಲಿ ಹಣೆಯ ಮೇಲೆ ಎತ್ತರದ ಪಫ್, ಜೆಲ್ ಹಾಕಿ ಕೂರಿಸಿದ ಸುರುಳಿ, ಸ್ಪ್ರೇಯ ಹೊಳಪು ಚೆಂದ ಕಾಣುತ್ತದೆ. ಕೊಡವ ಮದುಮಗಳ ತಲೆಯ ಮೇಲೆ ವಸ್ತ್ರ ಬರುತ್ತದೆ, ಅದರ ಮೇಲೆ ಅಕ್ಕಿ ಬೀಳುತ್ತದೆ, ಸಂಜೆ ಕೊಡ ಕೂರುತ್ತದೆ. ಪಫ್ ಇದ್ದರೆ ವಸ್ತ್ರ ಹಿಂದಕ್ಕೆ ಜಾರುತ್ತದೆ, ಕೊಡ ವಾಲುತ್ತದೆ. ಸ್ಪ್ರೇ ಇನ್ನೂ ಒಣಗದೆ ಅಂಟಂಟಾಗಿದ್ದರೆ ಅಕ್ಕಿ ಕಾಳು ಮುಂಗೂದಲಿಗೆ ಕಚ್ಚಿಕೊಳ್ಳುತ್ತದೆ. ಕ್ಲೋಸ್‌ಅಪ್ ಫೋಟೊದಲ್ಲಿ ಅದು ತಲೆಹೊಟ್ಟಿನಂತೆ ಕಾಣುತ್ತದೆ, ಬೆರಳಿನಿಂದ ಕಿತ್ತರೆ ಕೂದಲು ಎದ್ದು ನಿಲ್ಲುತ್ತದೆ. ನೆತ್ತಿ ಸಪಾಟಾಗಿರಬೇಕು, ತುರುಬು ಕತ್ತಿನ ಮೇಲ್ಭಾಗದಲ್ಲಿ ತಗ್ಗಾಗಿ ಕೂರಬೇಕು, ಸ್ಪ್ರೇ ಹೊಡೆದು ಕನಿಷ್ಠ ಹತ್ತು ನಿಮಿಷ ಒಣಗಿಸಿದ ಮೇಲೆಯೇ ವಸ್ತ್ರ ಹಾಕಬೇಕು. ವಸ್ತ್ರವನ್ನು ಕೂದಲಿಗೆ ಮಾತ್ರ ಪಿನ್ ಮಾಡಿದರೆ ನಿಲ್ಲದು. ಎರಡೂ ಕಿವಿಯ ಮೇಲ್ಭಾಗದಲ್ಲಿ ಬಾಬಿ ಪಿನ್‌ಗಳನ್ನು ಗುಣಾಕಾರ ಚಿಹ್ನೆಯಂತೆ ಅಡ್ಡಡ್ಡ ಹಾಕಿ, ಆ ಗಟ್ಟಿ ಜಾಗಕ್ಕೆ ಪಿನ್ ಮಾಡಬೇಕು.

ಸೀರೆ ಉಡಿಸುವುದು ಯಾರು? ಪ್ಯಾಕೇಜ್‌ನಲ್ಲಿ ‘ಸ್ಯಾರಿ ಡ್ರೇಪಿಂಗ್’ ಎಂದಿದ್ದರೆ ನಂಬಿ ಕೂರಬೇಡಿ. ನೆರಿಗೆ ಹಿಂದಕ್ಕೆ ಬರುವ, ಸೆರಗು ಎಡ ಕಂಕುಳ ಕೆಳಗಿನಿಂದ ಎದೆಯನ್ನು ಬಳಸಿ ಬಲ ಹೆಗಲಿಗೆ ಏರುವ ಕೊಡವ ಉಡುಗೆ, ನೆರಿಗೆ ಮುಂದೆ ಬರುವ ನಿವಿ ಸೀರೆ ಉಡಿಸಿ ಪಳಗಿದ ಕೈಗೆ ಒಗ್ಗುವುದಿಲ್ಲ. ಹೊಸಬರು ಉಡಿಸಿದರೆ ತೊಂದರೆ ಕಾಣಿಸಿಕೊಳ್ಳುವುದು ಮದುಮಗಳು ಮುಕ್ಕಾಲಿಯಲ್ಲಿ ಕೂತೆದ್ದಾಗ: ಹಿಂದಿನ ನೆರಿಗೆಯ ಕಟ್ಟು ಭಾರಕ್ಕೆ ಕೆಳಗಿಳಿದು, ಎದೆಯ ಮೇಲಿನ ಸುತ್ತು ಸಡಿಲಾಗಿ, ಇಡೀ ಎಳೆತ ಬಲ ಹೆಗಲಿನ ಒಂದು ಪಿನ್ನಿನ ಮೇಲೆ ಬಿದ್ದು ರೇಷ್ಮೆ ಹರಿಯುತ್ತದೆ. ಲಂಗದ ಲಾಡಿ ಗಟ್ಟಿಯಾಗಿರಬೇಕು, ನೆರಿಗೆಯನ್ನು ಲಂಗಕ್ಕೇ ಸೇರಿಸಿ ದೊಡ್ಡ ಪಿನ್ ಹಾಕಬೇಕು, ಹೆಗಲಿನ ಪಿನ್ನಿನ ಅಡಿಯಲ್ಲಿ ಚಿಕ್ಕ ಬಟ್ಟೆಯ ತುಂಡು ಇಡಬೇಕು. ಇದು ಗೊತ್ತಿಲ್ಲದ ಆರ್ಟಿಸ್ಟ್‌ನ ಮೇಕಪ್ ನಿಮಗೆ ಇಷ್ಟವಾಗಿದ್ದರೆ ಮೇಕಪ್ ಮಾತ್ರ ಅವರಿಂದ ಮಾಡಿಸಿ. ಸೀರೆಗೆ ಮನೆಯ ಚಿಕ್ಕಮ್ಮನನ್ನೋ ಊರಿನಲ್ಲಿ ಉಡಿಸುವವರನ್ನೋ ಮೊದಲೇ ಗೊತ್ತು ಮಾಡಿಡಿ. ಹಾಗೆ ಮಾಡುವುದರಲ್ಲಿ ಯಾವ ಕೊರತೆಯೂ ಇಲ್ಲ.

ತುಂಬು ತೋಳಿನ ಕೆಂಪು ರವಿಕೆ ಇನ್ನೊಂದು ಲೆಕ್ಕ ತಪ್ಪಿಸುತ್ತದೆ. ತಲೆಯ ಮೇಲಿನಿಂದ ಹಾಕುವ ರವಿಕೆಯಾದರೆ ಮೇಕಪ್‌ಗೂ ಮುಂಚೆಯೇ ತೊಟ್ಟು, ಕತ್ತಿಗೆ ಟವೆಲ್ ಸುತ್ತಿ ಕೂರಬೇಕು. ಮುಂದೆ ಹುಕ್ ಇದ್ದರೆ ಆ ತಾಪತ್ರಯವಿಲ್ಲ. ದರ್ಜಿಗೆ ಹೇಳುವಾಗಲೇ ಇದನ್ನು ನೆನಪಿಟ್ಟರೆ ಒಳ್ಳೆಯದು. ತೋಳು ಮುಚ್ಚಿರುವುದರಿಂದ ಮೈಯಲ್ಲಿ ಕಾಣುವುದು ಮುಖ, ಕತ್ತು, ಅಂಗೈ, ಮುಂಗೈ ಮಾತ್ರ. ಹಣ ಕೊಡುವ ಕ್ಷಣದ ಫೋಟೊದಲ್ಲಿ ಮುಖವೂ ಕೈಯೂ ಒಂದೇ ಚೌಕಟ್ಟಿನಲ್ಲಿ ಬರುತ್ತವೆ. ಮುಖವನ್ನು ಎರಡು ಶೇಡ್ ಬೆಳ್ಳಗೆ ಮಾಡಿದ್ದರೆ ಅಲ್ಲಿ ಬಯಲಾಗುತ್ತದೆ. ‘ಎಷ್ಟು ಫೇರ್ ಆಗಬೇಕು?’ ಎಂದು ಕೇಳುವ ಆರ್ಟಿಸ್ಟ್‌ನನ್ನು ಅಲ್ಲಿಗೇ ಬಿಟ್ಟುಬಿಡಿ. ಹೆಣ್ಣಿನ ಮೈಬಣ್ಣ ತಿದ್ದಬೇಕಾದ ದೋಷವಲ್ಲ. ಬಲ್ಲವರು ದವಡೆಯ ಅಂಚಿನಲ್ಲಿ ಎರಡು ಮೂರು ಶೇಡ್ ಗೆರೆ ಎಳೆದು, ಕಿಟಕಿಯ ಬೆಳಕಿನಲ್ಲಿ ನೋಡಿ, ಇಪ್ಪತ್ತು ನಿಮಿಷ ಕಾಯುತ್ತಾರೆ. ಕೆಲವು ಫೌಂಡೇಶನ್‌ಗಳು ಚರ್ಮದ ಎಣ್ಣೆಯೊಡನೆ ಸೇರಿ ಆ ಹೊತ್ತಿಗೆ ಕಿತ್ತಳೆಗೆ ತಿರುಗುತ್ತವೆ. ಕಾಯದೆ ಹಚ್ಚಿದವರಿಗೆ ಅದು ತಿಳಿಯುವುದು ಮಂಟಪದಲ್ಲಿ.

ಪೋರ್ಟ್‌ಫೋಲಿಯೊ ನೋಡುವಾಗ ಕಣ್ಣಿನ ಮೇಕಪ್ ಬಿಟ್ಟು ಕಿವಿ ನೋಡಿ. ಮುಖ, ಕಿವಿ, ಕತ್ತು ಒಂದೇ ಬಣ್ಣದಲ್ಲಿವೆಯೇ? ಜೋಮಾಲೆಯ (ಚಿನ್ನದ ಗುಂಡಿನ ಸರದ) ಗುಂಡುಗಳ ಅಂಚು ಮಸುಕಾಗಿದ್ದರೆ, ಕೆನ್ನೆಯಲ್ಲಿ ಒಂದೂ ರಂಧ್ರ ಕಾಣದಿದ್ದರೆ ಫಿಲ್ಟರ್ ಕೆಲಸ ಮಾಡಿದೆ. ಫೋನಿನಲ್ಲಿ ಕಿಟಕಿಯ ಪಕ್ಕ ತೆಗೆದ, ತಿದ್ದದ ವಿಡಿಯೊ ಕೇಳಿ. ಅದಕ್ಕಿಂತ ಮುಖ್ಯವಾಗಿ ಅದೇ ಮದುಮಗಳ ಸಂಜೆಯ ಫೋಟೊ ಕೇಳಿ. ಸಂಜೆಯದು ಒಂದೂ ಇಲ್ಲ ಎಂದರೆ ಅವರು ಮಧ್ಯಾಹ್ನಕ್ಕೆ ಮುಂಚೆಯೇ ಕಿಟ್ ಕಟ್ಟಿ ಹೊರಡುವವರು ಎಂದುಕೊಳ್ಳಬಹುದು.

ಫೌಂಡೇಶನ್ ಅನ್ನು ಗಾಳಿಯ ಒತ್ತಡದಿಂದ ಸಿಂಪಡಿಸುವ ಏರ್‌ಬ್ರಷ್ ಬೇಕೇ? ತೆಳುವಾಗಿ, ಹಗುರವಾಗಿ ಕೂರುತ್ತದೆ ಎಂಬುದು ನಿಜ. ಆದರೆ ಕಣ್ಣೀರಿನ ಗೆರೆ ಬಿದ್ದ ಮೇಲೆ ಅದನ್ನು ಬೆರಳಿನಿಂದ ತಿದ್ದಲು ಹೋದರೆ ತೇಪೆಯಾಗುತ್ತದೆ, ಕಂಪ್ರೆಸರ್‌ಗೆ ಕರೆಂಟ್ ಬೇಕು. ತೋಟದ ಮನೆಯಲ್ಲಿ ಬೆಳಗ್ಗೆ ಆರಕ್ಕೆ ಕರೆಂಟ್ ಹೋದರೆ ಮನೆಯ ಯುಪಿಎಸ್‌ನಲ್ಲಿ ಲೈಟು ಉರಿಯುತ್ತದೆ, ಚಿಕ್ಕ ಕಂಪ್ರೆಸರ್ ಓಡಬಹುದು, 1000 ವ್ಯಾಟ್ ಮೀರುವ ಹೇರ್ ಡ್ರೈಯರ್‌ಗೆ ಮಾತ್ರ ಅದು ಸಾಲದು. ಮನೆಯಲ್ಲೇ ಸಿಂಗಾರವಾಗುವುದಾದರೆ ತಲೆ ತೊಳೆದು ಒಣಗಿಸುವ ಕೆಲಸ ಹಿಂದಿನ ದಿನವೇ ಆಗಲಿ. ಕೊಡಗಿನ ಮದುವೆಗೆ ಕೈಯಲ್ಲಿ ಹಚ್ಚುವ ಕ್ರೀಮ್ ಅಥವಾ ಲಿಕ್ವಿಡ್ ಫೌಂಡೇಶನ್ನೇ ಮೇಲು, ಏಕೆಂದರೆ ಅದನ್ನು ಎಲ್ಲಿ ಬೇಕಾದರೂ ತಿದ್ದಬಹುದು. ‘ಎಚ್‌ಡಿ ಮೇಕಪ್’ ಎಂಬುದಕ್ಕೆ ಒಂದೇ ಅರ್ಥವಿಲ್ಲ. ಯಾವ ಫೌಂಡೇಶನ್, ಯಾವ ಪೌಡರ್ ಎಂದು ಬಿಡಿಸಿ ಕೇಳಿ. ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್ ಕನ್ನಡಿಯಲ್ಲಿ ಕಾಣುವುದಿಲ್ಲ, ಫ್ಲ್ಯಾಶ್ ಬಿದ್ದಾಗ ಕಣ್ಣಿನ ಕೆಳಗೆ ಸುಣ್ಣ ಬಳಿದಂತೆ ಹೊಳೆಯುತ್ತದೆ.

ಕಾಲವನ್ನೂ ನೋಡಬೇಕು. ಡಿಸೆಂಬರ್-ಜನವರಿಯ ಚಳಿಗೆ ಚರ್ಮ ಒಣಗಿರುತ್ತದೆ. ಮಾಯಿಶ್ಚರೈಸರ್ ಹಚ್ಚಿ ಹದಿನೈದು ನಿಮಿಷ ಬಿಡದೆ ಮ್ಯಾಟ್ ಫೌಂಡೇಶನ್ ಹಾಕಿದರೆ ಮೂಗಿನ ಪಕ್ಕ, ಬಾಯಿಯ ಮೂಲೆ ಬಿರಿಯುತ್ತದೆ. ಏಪ್ರಿಲ್-ಮೇನಲ್ಲಿ ಜನ ತುಂಬಿದ ಹಾಲ್‌ನ ಸೆಕೆಗೆ ಹಣೆ ಮತ್ತು ಮೇಲ್ತುಟಿ ಮೊದಲು ಬೆವರುತ್ತವೆ. ಬೆವರನ್ನು ಒರೆಸಬಾರದು, ಟಿಶ್ಯೂ ಒತ್ತಿ ಹೀರಿಸಬೇಕು. ಹೀರಿಸದೆ ಅದರ ಮೇಲೇ ಪೌಡರ್ ಹಾಕಿದರೆ ಹಿಟ್ಟು ಕಟ್ಟುತ್ತದೆ.

ಕಿಟ್ ನೋಡಲು ಸಂಕೋಚ ಬೇಡ. ಮದುವೆಗೆ ಮುಂಚಿನ ಟ್ರಯಲ್ (ಪರೀಕ್ಷಾ ಮೇಕಪ್) ದಿನ ಅವರು ಪೆಟ್ಟಿಗೆ ಬಿಚ್ಚುವುದನ್ನು ಗಮನಿಸಿ. ಕ್ರೀಮನ್ನು ಚಮಚದಂಥ ಸ್ಪ್ಯಾಚುಲಾದಲ್ಲಿ ಕೆರೆದು ಸ್ಟೀಲ್ ತಟ್ಟೆಯ ಮೇಲೆ ತೆಗೆದುಕೊಂಡು ಅಲ್ಲಿಂದ ಹಚ್ಚಿದರೆ ಸರಿ. ಬ್ರಷ್ಷನ್ನು ನೇರವಾಗಿ ಡಬ್ಬಿಗೆ ಅದ್ದಿದರೆ ಹಿಂದಿನ ಹತ್ತು ಮುಖಗಳ ಸೋಂಕೂ ಡಬ್ಬಿಯಲ್ಲಿರಬಹುದು. ಮಸ್ಕಾರಾಕ್ಕೆ ಬಿಸಾಡುವ ಕಡ್ಡಿ ಇರಬೇಕು, ಒಂದು ಕಡ್ಡಿಯನ್ನು ಒಮ್ಮೆ ಮಾತ್ರ ಅದ್ದಬೇಕು. ಕಾಡಿಗೆ ಪೆನ್ಸಿಲ್ಲನ್ನು ಕಣ್ಣ ಮುಂದೆ ಹೆರೆದು, 70 ಶೇಕಡಾ ಆಲ್ಕೋಹಾಲ್ ಸಿಂಪಡಿಸಿ, ಆರಿದ ಮೇಲೆ ಬಳಸಬೇಕು. ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿತ್ರದೊಳಗೆ 6ಎಂ, 12ಎಂ ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದು. ವಿದೇಶಿ ಬ್ರ್ಯಾಂಡ್‌ನ ಡಬ್ಬಿಯಲ್ಲಿ ಆಮದುದಾರರ ಹೆಸರು-ವಿಳಾಸ, ಬ್ಯಾಚ್ ನಂಬರ್, ಎಂಆರ್‌ಪಿ ಇಲ್ಲದಿದ್ದರೆ ನಕಲಿ ಇರಬಹುದೆಂದು ಅನುಮಾನಿಸಿ. ಪರದೇಶದಿಂದ ನೆಂಟರು ತಂದುಕೊಟ್ಟ ಡಬ್ಬಿಯಲ್ಲೂ ಬ್ಯಾಚ್ ನಂಬರ್ ಇದ್ದೇ ಇರುತ್ತದೆ.

ಟ್ರಯಲ್ ಅನ್ನು ಮದುವೆಗೆ ಮೂರು ನಾಲ್ಕು ವಾರ ಮುಂಚೆ ಇಟ್ಟುಕೊಳ್ಳಿ. ಅದಕ್ಕೂ ಎರಡು ದಿನ ಮೊದಲು ಫೌಂಡೇಶನ್ ಮತ್ತು ಕೃತಕ ರೆಪ್ಪೆ ಅಂಟಿಸುವ ಗ್ಲೂವನ್ನು ಕಿವಿಯ ಹಿಂದೆ ಚೂರು ಹಚ್ಚಿಸಿಕೊಂಡು ನೋಡಿ. ಆ ಗ್ಲೂಗಳಲ್ಲಿ ಹಲವಕ್ಕೆ ಲೇಟೆಕ್ಸ್ ಇರುತ್ತದೆ, ಕೆಲವರ ಕಣ್ಣು ಊದಿಕೊಳ್ಳುತ್ತದೆ. ಟ್ರಯಲ್‌ಗೆ ಕೆಂಪು ಬಟ್ಟೆ ತೊಟ್ಟು ಹೋಗಿ, ಕೆಂಪಿನ ಪ್ರತಿಫಲನ ಗಲ್ಲದ ಕೆಳಗೆ ಬೀಳುವುದರಿಂದ ಬ್ಲಷ್ ಎಷ್ಟು ಬೇಕೆಂಬುದೇ ಬದಲಾಗುತ್ತದೆ. ಲೆನ್ಸ್ ಹಾಕುವವರು ಮೇಕಪ್‌ಗೆ ಮುಂಚೆಯೇ ಹಾಕಿಕೊಳ್ಳಬೇಕು. ಟ್ರಯಲ್ ಮುಗಿದ ಮೇಲೆ ಮುಖ ತೊಳೆಯಬೇಡಿ. ಒಂದು ಲೋಟ ಹಾಲು ಗುಟುಕು ಗುಟುಕಾಗಿ ಕುಡಿಯಿರಿ, ಊಟ ಮಾಡಿ, ತಲೆಗೆ ವಸ್ತ್ರ ಕಟ್ಟಿ ಅರ್ಧ ಗಂಟೆ ಓಡಾಡಿ. ಮುಗಿದಾಗ, ಎರಡು ಗಂಟೆ ಕಳೆದ ಮೇಲೆ, ಆರು ಗಂಟೆ ಕಳೆದ ಮೇಲೆ ಫ್ಲ್ಯಾಶ್ ಹಾಕಿ ಮತ್ತು ಹಾಕದೆ ಫೋಟೊ ತೆಗೆದು ಹೋಲಿಸಿ. ಆರನೇ ಗಂಟೆಯ ಫೋಟೊ ಸಹಿಸುವಂತಿದ್ದರೆ ಮುಂಗಡ ಕೊಡಬಹುದು.

ಮುಂಗಡ ಕೊಡುವಾಗ ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ: ಆರ್ಟಿಸ್ಟ್ ತಾವೇ ಬರುತ್ತಾರೋ ಸಹಾಯಕಿಯನ್ನು ಕಳಿಸುತ್ತಾರೋ, ಎಷ್ಟು ಗಂಟೆಯವರೆಗೆ ಇರುತ್ತಾರೆ, ರಿಸೆಪ್ಷನ್ ಲುಕ್ ಸೇರಿದೆಯೇ, ಅಮ್ಮ-ಅತ್ತಿಗೆಯರ ಮೇಕಪ್ ಬೇರೆ ಲೆಕ್ಕವೇ, ಹೂವು ಯಾರದು, ಪ್ರಯಾಣ-ವಸತಿ ಯಾರದು, ತಾರೀಕು ಬದಲಾದರೆ ಹಣ ಏನಾಗುತ್ತದೆ. ಭಾನುವಾರದ ಮದುವೆಗೆ ಮೊದಲ ಪ್ರಶ್ನೆಯೇ ಮುಖ್ಯ. ಒಂದೇ ದಿನ ಗೋಣಿಕೊಪ್ಪದಲ್ಲೊಂದು, ಮಡಿಕೇರಿಯಲ್ಲೊಂದು ಒಪ್ಪಿಕೊಂಡು ಟ್ರಯಲ್‌ಗೆ ಬಾರದಿದ್ದ ಹುಡುಗಿಯನ್ನು ಮುಹೂರ್ತಕ್ಕೆ ಕಳಿಸುವುದು ಈ ಕಸುಬಿನಲ್ಲಿ ಹೊಸದಲ್ಲ.

ಸಮಯದ ಲೆಕ್ಕ ಹಿಂದಿನಿಂದ ಹಾಕಿ. ಮುಹೂರ್ತ 11ಕ್ಕೆ ಎಂದರೆ 10:15ಕ್ಕೆ ಸಿದ್ಧವಿರಬೇಕು. ಚರ್ಮದ ತಯಾರಿ 20 ನಿಮಿಷ, ಮೇಕಪ್ 90, ಕೂದಲು 60, ಸೀರೆ 45, ಕೊಕ್ಕೆತಾತಿ (ಅರ್ಧಚಂದ್ರ ಪದಕದ ಸರ), ಜೋಮಾಲೆ, ಬಳೆ ಎಲ್ಲ ಸೇರಿ 25: ಒಟ್ಟು ನಾಲ್ಕು ಗಂಟೆ. ಅರ್ಧ ಗಂಟೆ ಕೈಯಲ್ಲಿಟ್ಟುಕೊಂಡರೆ 5:45ಕ್ಕೆ ಕೂರಬೇಕು. ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿ.ಮೀ.; ಬೆಳಗಿನ ಮಂಜಿನಲ್ಲಿ ಹೊರಟು ತಲುಪುತ್ತೇವೆ ಎನ್ನುವವರನ್ನು ನಂಬಬಾರದು, ಹೊರಗಿನಿಂದ ಬರುವವರು ಹಿಂದಿನ ರಾತ್ರಿಯೇ ಬಂದು ಉಳಿಯಬೇಕು. ತೋಟದ ಮನೆಯಾದರೆ ಲೊಕೇಶನ್ ಕಳಿಸಿದ್ದು ಸಾಲದು, ಕೊನೆಯ ಎರಡು ಕಿಲೋಮೀಟರ್‌ನಲ್ಲಿ ನೆಟ್‌ವರ್ಕ್ ಇಲ್ಲದಿರಬಹುದು. ಗೇಟಿನ ಗುರುತು, ತಿರುವು ಬರೆದು ಕಳಿಸಿ ಅಥವಾ ಮುಖ್ಯರಸ್ತೆಗೆ ಒಬ್ಬರನ್ನು ನಿಲ್ಲಿಸಿ. ಈ ಖರ್ಚು, ಗಡಿಬಿಡಿ ಎಲ್ಲ ಸೇರಿಸಿ ನೋಡಿದರೆ ಮುಹೂರ್ತಕ್ಕೆ ಹತ್ತಿರದ ಊರಿನ, ಕೊಡವ ಮದುವೆ ಮಾಡಿಸಿದ ಆರ್ಟಿಸ್ಟೇ ಮೇಲು. ಲೆಹೆಂಗಾದ ರಿಸೆಪ್ಷನ್ ಬೇರೆ ದಿನ ಬೆಂಗಳೂರಿನಲ್ಲಿದ್ದರೆ ಅಲ್ಲಿಯವರನ್ನು ಹಿಡಿಯಿರಿ.

ಪಾರ್ಲರ್ ಪ್ಯಾಕೇಜ್‌ನಲ್ಲಿ ಸೇರಿಸಿ ಕೊಡುವ ಫೇಶಿಯಲ್ ಅನ್ನು ಮದುವೆಗೆ ಒಂದು ವಾರ ಮೊದಲೇ ಮುಗಿಸಿ. ಮುಂಚೆ ಮಾಡಿಸಿ ಅಭ್ಯಾಸವಿಲ್ಲದ್ದನ್ನು ಆಗ ಮಾಡಿಸಲೇಬೇಡಿ. ಹುಬ್ಬಿನ ಥ್ರೆಡಿಂಗ್ ಎರಡು ಮೂರು ದಿನ ಮೊದಲಾದರೆ ಕೆಂಪು ಇಳಿದಿರುತ್ತದೆ. ರೆಟಿನಾಲ್ ಇರುವ ಕ್ರೀಮ್ ಹಚ್ಚುವವರು ವ್ಯಾಕ್ಸಿಂಗ್‌ಗೆ ಒಂದು ವಾರ ಮುಂಚೆ ನಿಲ್ಲಿಸಬೇಕು, ಇಲ್ಲದಿದ್ದರೆ ಸಿಪ್ಪೆ ಏಳುತ್ತದೆ. ‘ಗ್ಲೋ ಬರುತ್ತೆ’ ಎಂದು ಲೇಬಲ್ ಇಲ್ಲದ ಡಬ್ಬಿಯಲ್ಲಿ ಕೊಡುವ ಕ್ರೀಮ್ ಮುಟ್ಟಬೇಡಿ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಅಪಾಯವಿದೆ, ಹಚ್ಚುವುದು ನಿಲ್ಲಿಸಿದಾಗ ಮುಖ ಕೆಂಪಾಗಿ ಮೊಡವೆ ಏಳುತ್ತದೆ.

ರಾತ್ರಿ ಮೇಕಪ್ ತೆಗೆಯುವ ವಿಧಾನವನ್ನೂ ಆರ್ಟಿಸ್ಟ್ ಹೇಳಿಕೊಟ್ಟು ಹೋಗಬೇಕು. ಅಂಟಿಸಿದ ರೆಪ್ಪೆಯನ್ನು ಎಳೆಯದೆ, ಎಣ್ಣೆ ಹಚ್ಚಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ತಾನಾಗಿ ಬಿಡುತ್ತದೆ. ವಾಟರ್‌ಪ್ರೂಫ್ ಫೌಂಡೇಶನ್ ಬರೀ ಫೇಸ್‌ವಾಶ್‌ಗೆ ಹೋಗುವುದಿಲ್ಲ. ಮೊದಲು ಕ್ಲೆನ್ಸಿಂಗ್ ಬಾಮ್ ಅಥವಾ ಕೊಬ್ಬರಿ ಎಣ್ಣೆ, ಆಮೇಲೆ ಫೇಸ್‌ವಾಶ್. ಸ್ಪ್ರೇ ಹೊಡೆದ ಕೂದಲನ್ನು ಒಣಗಿದ್ದಾಗ ಬಾಚಬೇಡಿ. ಪಿನ್‌ಗಳನ್ನೆಲ್ಲ ತೆಗೆದು, ಕಂಡಿಷನರ್ ಹಚ್ಚಿ ಐದು ನಿಮಿಷ ಬಿಟ್ಟು, ತುದಿಯಿಂದ ಬಿಡಿಸುತ್ತಾ ಬಂದರೆ ಒಳಗೆ ಸಿಕ್ಕಿಕೊಂಡ ಅಕ್ಕಿ ಕಾಳುಗಳೂ ಅದರೊಡನೆ ಬರುತ್ತವೆ.