ಹಳೆ ರೇವಾಗೆ ಹೊಸ ಬ್ಯಾಟರಿ ಹಾಕಿಸಿದೆವು, ಆದರೆ ಗೆದ್ದಿದ್ದು ವೈರಿಂಗಿನಲ್ಲಿ

ನಮ್ಮ ಮನೆಯಲ್ಲಿ 2006ರ ರೇವಾ ಎಲೆಕ್ಟ್ರಿಕ್ ಕಾರು ಇದೆ. ನಮ್ಮ ಬೆಂಗಳೂರಿನ ಬೊಮ್ಮಸಂದ್ರದಲ್ಲೇ ತಯಾರಾದ ಗಾಡಿ. ಅಮ್ಮ ಡ್ರೈವಿಂಗ್ ಕಲಿತಿದ್ದು ಇದರಲ್ಲೇ, ಹಾಗಾಗಿ ಗುಜರಿಗೆ ಹಾಕಲು ಯಾರಿಗೂ ಮನಸ್ಸಿಲ್ಲ. ಆದರೆ ಕಳೆದ ವರ್ಷ ಬ್ಯಾಟರಿ ಎಷ್ಟು ಸೋತಿತ್ತು ಅಂದರೆ, ಗಿರಿನಗರದಿಂದ ಜಯನಗರಕ್ಕೆ ಹೋಗಿ ವಾಪಸ್ ಬರುವುದೇ ಅನುಮಾನ ಅನ್ನುವ ಹಾಗಾಗಿತ್ತು.

ಮೊದಲು ಹೋದ ಕಡೆ ಸೀಟು ಕೂಡ ಎತ್ತಿ ನೋಡಲಿಲ್ಲ. ಮೋಟಾರು, ಅದಕ್ಕೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಕಂಟ್ರೋಲರ್, ಬ್ಯಾಟರಿ ಎಲ್ಲಾ ಬದಲಾಯಿಸಿ ಅಂದುಬಿಟ್ಟರು. ಆಮೇಲೆ ಸಿಕ್ಕಿದ್ದು ಬನಶಂಕರಿ ಕಡೆಯ ಒಂದು ಸಣ್ಣ ಗ್ಯಾರೇಜು, ಇಬ್ಬರೇ ಕೆಲಸದವರು. ಅವರು ಮೊದಲು ಗಾಡಿ ಓಡಿಸಿಕೊಂಡು ಒಂದು ಸುತ್ತು ಬಂದರು. ತಕ್ಷಣ ಸೀಟು ಎತ್ತಿ, ಒಂದೊಂದೇ ಜಾಯಿಂಟಿಗೆ ಟೆಂಪರೇಚರ್ ಗನ್ ಹಿಡಿದರು. ಒಂದು ಲಗ್, ಅಂದರೆ ಕೇಬಲ್ ತುದಿಗೆ ಹಾಕುವ ಲೋಹದ ಕೊಂಡಿ, ಮಾತ್ರ ಬಿಸಿಯಾಗಿತ್ತು. ಹಸಿರು ಕಿಲುಬು ಕಟ್ಟಿ, ಕೇಬಲ್ಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಗಡುಸಾಗಿತ್ತು. "ಸರ್, 200 ಆಂಪಿಯರ್ ಹರಿಯುವ ಕಡೆ ಒಂದೇ ಒಂದು ಮಿಲಿ ಓಮ್ ಅಡ್ಡಿ ಇದ್ದರೂ 40 ವ್ಯಾಟ್ ಅಲ್ಲೇ ಬಿಸಿಯಾಗಿ ಹೋಗುತ್ತೆ, ಇದನ್ನು ಬಿಟ್ಟು ಏನು ಹಾಕಿದರೂ ದಂಡ" ಅಂದರು. ನನಗೆ ಅವರ ಮೇಲೆ ನಂಬಿಕೆ ಬಂದಿದ್ದು ಆಗಲೇ.

ಮೋಟಾರು ಬದಲಾಯಿಸುವುದು ಬೇಡ ಅಂದರು. ಮೋಟಾರಿನೊಳಗೆ ಬ್ರಷ್ ಉಜ್ಜುವ ತಾಮ್ರದ ಭಾಗ, ಅಂದರೆ ಕಮ್ಯುಟೇಟರ್ ಒರೆಸಿ ಹೊಸ ಕಾರ್ಬನ್ ಬ್ರಷ್ ಹಾಕಿದರು, ಅಷ್ಟೇ. ಮೋಟಾರು ಬದಲಾದರೆ ಆರ್‌ಸಿಯಲ್ಲಿರುವ ನಂಬರಿಗೂ ಗಾಡಿಗೂ ತಾಳೆಯಾಗುವುದಿಲ್ಲ, ಮೊದಲೇ ಆರ್‌ಟಿಓ ಒಪ್ಪಿಗೆ ತಗೊಳ್ಳಬೇಕು ಅನ್ನುವುದನ್ನೂ ಅವರೇ ಹೇಳಿದರು.

6 ವೋಲ್ಟಿನ ಎಂಟು ಸೀಸದ ಬ್ಯಾಟರಿ ತೆಗೆದು, 200 ಆಂಪಿಯರ್ ಅವರ್‌ನ 16 ಎಲ್‌ಎಫ್‌ಪಿ (ಒಂದು ಬಗೆಯ ಲಿಥಿಯಂ) ಸೆಲ್ ಕೂರಿಸಿದರು. ಒಂದೊಂದು 3.2 ವೋಲ್ಟ್, ಸಾಲಾಗಿ ಸೇರಿಸಿದರೆ 51.2. ಹಳೇ 48 ವೋಲ್ಟಿನ ಕಂಟ್ರೋಲರ್‌ಗೆ ಇದು ಒಗ್ಗುತ್ತದೆ. ಚಾರ್ಜರ್ ಮಾತ್ರ ಹಳೆಯದನ್ನೇ ಇಟ್ಟುಕೊಳ್ಳಬೇಡಿ, ಸೀಸಕ್ಕೆ ಮಾಡಿದ್ದು ಲಿಥಿಯಂಗೆ ಸರಿಹೋಗಲ್ಲ. ನಮಗೆ ಹೊಸದು ಹಾಕಿ 56 ವೋಲ್ಟಿಗೆ ನಿಲ್ಲಿಸಿದ್ದಾರೆ. ಪೂರ್ತಿ 58.4ರವರೆಗೆ ತುಂಬಿಸದಿದ್ದರೆ ಸೆಲ್ಲುಗಳಿಗೆ ಒಳ್ಳೆಯದು. ಮೇನ್ ಕೇಬಲ್ ಎಲ್ಲಾ ಹೊಸದು, ಲಗ್ಗುಗಳನ್ನು ಹೈಡ್ರಾಲಿಕ್ ಟೂಲಿನಲ್ಲಿ ಒತ್ತಿದ್ದಾರೆ, ಸುತ್ತಿಗೆಯಲ್ಲಿ ಕುಟ್ಟಿಲ್ಲ.

ಸುಮಾರು 200 ಕಿಲೋ ಭಾರ ಇಳಿಯಿತು. ಫ್ಲೈಓವರ್ ಏರಿನಲ್ಲಿ ಮೊದಲು ಹಿಂದಿನವರು ಹಾರ್ನ್ ಹೊಡೆಯುತ್ತಿದ್ದರು, ಈಗ ಅಮ್ಮ ಆರಾಮಾಗಿ ಹತ್ತಿಸುತ್ತಾರೆ. ಊರೊಳಗೆ ಒಂದು ಚಾರ್ಜಿಗೆ 80 ಕಿಲೋಮೀಟರ್ ಧಾರಾಳವಾಗಿ ಬರುತ್ತಿದೆ. ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವೂ ಇಲ್ಲ.

ಕೊರತೆ ಇಲ್ಲ ಅಂತಲ್ಲ. ಎರಡು ವಾರ ಅಂದವರು ಐದು ವಾರ ತಗೊಂಡರು. ಸೆಲ್ಲುಗಳ ಮೇಲೆ ನಿಗಾ ಇಡುವ ಸರ್ಕ್ಯೂಟ್, ಅಂದರೆ ಬಿಎಂಎಸ್‌ನ ಒಂದು ಸಣ್ಣ ವೈರು ಸೀಟಿನ ಹಳಿಗೆ ಉಜ್ಜಿ ಸಿಪ್ಪೆ ಎದ್ದಿತ್ತು. ಅದು ಆಗಲೇಬಾರದ ತಪ್ಪು. ಫೋನ್ ಮಾಡಿದ ದಿನವೇ ಮನೆಗೆ ಬಂದು, ಕವಚ ಹಾಕಿ ಬೇರೆ ದಾರಿಯಲ್ಲಿ ಎಳೆದರು, ದುಡ್ಡು ಕೇಳಲಿಲ್ಲ. ಡ್ಯಾಶ್‌ಬೋರ್ಡಿನ ಹಳೇ ಚಾರ್ಜ್ ಮೀಟರ್ ಈಗ ಸುಳ್ಳು ತೋರಿಸುತ್ತದೆ, ಪಕ್ಕದಲ್ಲಿ ಬೇರೆ ಮೀಟರ್ ಕೂರಿಸಿದ್ದಾರೆ.

ಒಟ್ಟು ಖರ್ಚು 1 ಲಕ್ಷ 90 ಸಾವಿರ. ಮಾಡಿಸುವವರು ಹಳೇ ಬ್ಯಾಟರಿಗಳನ್ನು ಸುಮ್ನೆ ಬಿಟ್ಟು ಬರಬೇಡಿ, ಸೀಸಕ್ಕೆ ತೂಕದ ಮೇಲೆ ಬೆಲೆ ಇದೆ. ನಮಗೆ ಅದನ್ನು ಬಿಲ್ಲಿನಲ್ಲೇ ಕಳೆದುಕೊಟ್ಟರು.