ಮೂರು ವಾ ಪೆಡಲ್, ಒಂದು ಪಾದ: ಕ್ರೈ ಬೇಬಿ, ವಾಕ್ಸ್, ಮೋರ್ಲಿ

ಗಿಟಾರಿನ ದನಿಯ ಬಣ್ಣವನ್ನು ಪಾದದಿಂದ ಬದಲಿಸುವ ವಾ ಪೆಡಲ್ ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವುದರ ಸೌಂಡ್ ಚೆನ್ನಾಗಿದೆ?" ಅಂತ. ಡನ್ಲಪ್‌ನ ಕ್ರೈ ಬೇಬಿ ಜಿಸಿಬಿ95, ವಾಕ್ಸ್ ವಿ847-ಎ, ಮೋರ್ಲಿಯ 20/20 ಬ್ಯಾಡ್ ಹಾರ್ಸಿ ಮೂರನ್ನೂ ಒಂದೇ ಗಿಟಾರ್, ಒಂದೇ ಆಂಪ್, ಒಂದೇ ಕೇಬಲ್ ಇಟ್ಟುಕೊಂಡು ನುಡಿಸಿದರೆ ಸೌಂಡಿನ ವ್ಯತ್ಯಾಸ ಐದು ನಿಮಿಷದಲ್ಲಿ ಗೊತ್ತಾಗುತ್ತದೆ, ಅದಕ್ಕೆ ಕಿವಿಯೂ ಬೇಗ ಒಗ್ಗಿಕೊಳ್ಳುತ್ತದೆ. ಪೆಡಲ್ ಹೇಗೆ ಆನ್ ಆಗುತ್ತದೆ, ಪಾದದ ಕೆಳಗೆ ಎಷ್ಟು ಬಿಗಿ, ಒಳಗೆ ಯಾವ ಭಾಗ ಮೊದಲು ಸವೆಯುತ್ತದೆ ಅನ್ನೋದಕ್ಕೆ ಮಾತ್ರ ಕಾಲು ಅಷ್ಟು ಸುಲಭವಾಗಿ ಒಗ್ಗುವುದಿಲ್ಲ. ಹಾಗಾಗಿ ಈ ಹೋಲಿಕೆಯಲ್ಲಿ ಹೆಚ್ಚು ಜಾಗ ಕಾಲಿಗೇ.

ವಾ ಮಾಡುವ ಕೆಲಸ ಕನ್ನಡದವರಿಗೆ ಸ್ವರಾಕ್ಷರದಲ್ಲೇ ಹೇಳಬಹುದು. ಬಾಯಿ ದುಂಡಗೆ ಮಾಡಿ "ಊ" ಎನ್ನುತ್ತಾ, ಉಸಿರು ನಿಲ್ಲಿಸದೆ "ಆ"ಗೆ, ಅಲ್ಲಿಂದ "ಏ"ಗೆ ಜಾರಿ ನೋಡಿ. ಶ್ರುತಿ ಬದಲಾಗುವುದಿಲ್ಲ, ದನಿಯ ಬಣ್ಣ ಮಾತ್ರ ಬದಲಾಗುತ್ತದೆ. ಪೆಡಲ್ ಮಾಡುವುದೂ ಅದನ್ನೇ. ಹಿಮ್ಮಡಿ ಒತ್ತಿದಾಗ ಸುಮಾರು 400 ಹರ್ಟ್ಜ್ ಆಸುಪಾಸಿನ ಭಾಗ ಉಬ್ಬಿ "ಊ" ಬರುತ್ತದೆ. ಮುಂಗಾಲು ಒತ್ತುತ್ತಾ ಹೋದಂತೆ ಆ ಉಬ್ಬು 2,000 ಹರ್ಟ್ಜ್ ಕಡೆಗೆ ಸರಿದು "ಏ" ಆಗುತ್ತದೆ. ಉಬ್ಬು ಎಷ್ಟು ಚೂಪಾಗಿದೆ, ಎಲ್ಲಿಂದ ಎಲ್ಲಿವರೆಗೆ ಓಡುತ್ತದೆ ಅನ್ನೋದರಲ್ಲೇ ಒಂದು ಪೆಡಲ್ಲಿಗೂ ಇನ್ನೊಂದಕ್ಕೂ ಇರುವ ಭೇದ.

ಕ್ರೈ ಬೇಬಿ ಮತ್ತು ವಾಕ್ಸ್ ಒಂದೇ ಬಳ್ಳಿಯ ಕಾಯಿಗಳು. 1966ರಲ್ಲಿ ಕ್ಯಾಲಿಫೋರ್ನಿಯಾದ ಥಾಮಸ್ ಆರ್ಗನ್ ಕಂಪನಿಯಲ್ಲಿ ಬ್ರಾಡ್ ಪ್ಲಂಕೆಟ್ ಎಂಬ ಎಂಜಿನಿಯರ್ ವಾಕ್ಸ್ ಆಂಪ್‌ನ ಮಿಡ್ ಬೂಸ್ಟ್ ಸ್ವಿಚ್ಚಿನ ಬದಲು ಅಗ್ಗದ ಪಾಟ್ (ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೋಧಕ) ಒಂದನ್ನು ಹಾಕಿ ತಿರುಗಿಸಿದಾಗ ಈ ಸದ್ದು ಹುಟ್ಟಿತು. ಆ ಸರ್ಕ್ಯೂಟನ್ನು ಆರ್ಗನ್ನಿನ ವಾಲ್ಯೂಮ್ ಪೆಡಲ್ ಡಬ್ಬಿಯೊಳಗೆ ಕೂರಿಸಿದರು. ಎರಡು ಟ್ರಾನ್ಸಿಸ್ಟರ್, ಸುಮಾರು 500 ಮಿಲಿಹೆನ್ರಿಯ ಒಂದು ಇಂಡಕ್ಟರ್ (ತಂತಿ ಸುರುಳಿ), 100ಕೆ (100 ಕಿಲೋ ಓಮ್) ಪಾಟ್. ಇಂದಿಗೂ ಎರಡರ ಎಲುಬು ಅದೇ. ಮೋರ್ಲಿ ಬೇರೆ ದಾರಿ ಹಿಡಿಯಿತು: ಪಾಟ್ ಇಲ್ಲ, ಬೆಳಕು ಇದೆ. ಪೆಡಲ್ ತುಳಿದರೆ ಒಳಗಿನ ಒಂದು ತಡೆ ಸರಿದು, ಎಲ್‌ಇಡಿ ಬೆಳಕು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ಬದಲಾಗುವ ರೋಧಕ) ಮೇಲೆ ಹೆಚ್ಚು ಕಡಿಮೆ ಬೀಳುತ್ತದೆ.

ಸೌಂಡಿನ ಮಾತು ಮೊದಲು ಮುಗಿಸೋಣ.

ಜಿಸಿಬಿ95 ಮೂರರಲ್ಲಿ ಹೆಚ್ಚು ಚೂಪು. ಮುಂಗಾಲಿನ ಕೊನೆಯಲ್ಲಿ ಸಿಂಗಲ್ ಕಾಯಿಲ್ (ಒಂದೇ ಸುರುಳಿಯ ಪಿಕಪ್ ಇರುವ) ಗಿಟಾರ್ ಇದ್ದರೆ ಕಿವಿಗೆ ಸ್ವಲ್ಪ ಚುಚ್ಚುತ್ತದೆ. ಅದೇ ಹಂಬಕರ್ (ಎರಡು ಸುರುಳಿಯ ಪಿಕಪ್) ಗಿಟಾರಿನಲ್ಲಿ, ಡಿಸ್ಟಾರ್ಷನ್ (ಒಡೆದ ಒರಟು ದನಿ) ಹಾಕಿ ಸೋಲೋ ನುಡಿಸುವಾಗ ಆ ಚೂಪೇ ಬ್ಯಾಂಡಿನ ಗದ್ದಲ ಸೀಳಿಕೊಂಡು ಬರುತ್ತದೆ. ವಾಕ್ಸ್ ಮೆತ್ತಗೆ, ಓಟ ಕಿರಿದು, ಅಂಚು ದುಂಡು. ಕ್ಲೀನ್ ಟೋನ್‌ನಲ್ಲಿ ತಂತಿ ಒತ್ತಿಹಿಡಿದು "ವಕ್ಕ-ವಕ್ಕ" ಫಂಕ್ ನುಡಿಸಲು ನನ್ನ ಮಟ್ಟಿಗೆ ವಾಕ್ಸೇ ಸರಿ; ಪ್ರತಿ ಹೊಡೆತವೂ ಬೇರೆಬೇರೆಯಾಗಿ ಕೇಳುತ್ತದೆ, ಯಾವುದೂ ಚೀರುವುದಿಲ್ಲ. ದೊಡ್ಡ ಗೇನ್‌ನಲ್ಲಿ (ಡಿಸ್ಟಾರ್ಷನ್ ಜೋರಾಗಿದ್ದಾಗ) ಮಾತ್ರ ಅದರ ಓಟ ಮುಳುಗಿಹೋಗುತ್ತದೆ. ಮೋರ್ಲಿಯ ಉಬ್ಬು ನಯವಾಗಿ, ಹೈ-ಫೈ ಅನ್ನಿಸುವಂತೆ ಸರಿಯುತ್ತದೆ. ಹಳೆಯ ಕಾಲದ ಒರಟುತನ ಬೇಕೆನ್ನುವವರಿಗೆ ಅದು ಸಪ್ಪೆ ಅನ್ನಿಸಬಹುದು. ತೀರಾ ವೇಗವಾಗಿ ಕಾಲು ಆಡಿಸಿದಾಗ ಎಲ್‌ಡಿಆರ್ ಬೆಳಕಿನ ಬದಲಾವಣೆಗೆ ತುಸು ನಿಧಾನವಾಗಿ ಸ್ಪಂದಿಸುವುದರಿಂದ ಓಟದ ತುದಿಗಳು ಸ್ವಲ್ಪ ಮೊಂಡಾಗುತ್ತವೆ.

ಈಗ ಕಾಲಿನ ವಿಷಯ.

ಕ್ರೈ ಬೇಬಿ, ವಾಕ್ಸ್ ಎರಡರಲ್ಲೂ ಸ್ವಿಚ್ ಇರುವುದು ಪಾದ ಇಡುವ ಪ್ಲೇಟಿನ ಮುಂತುದಿಯ ಕೆಳಗೆ. ಮುಂಗಾಲಿನಿಂದ ಪೂರ್ತಿ ಒತ್ತಿ "ಕ್ಲಿಕ್" ಅನ್ನಿಸಬೇಕು. ನಿಂತು, ಶೂ ಹಾಕಿಕೊಂಡು ನುಡಿಸುವವರಿಗೆ ಇದು ಕಷ್ಟವೇ ಅಲ್ಲ. ನಮ್ಮ ಮನೆಗಳಲ್ಲಿ ಅಭ್ಯಾಸ ನಡೆಯುವುದು ಬರಿಗಾಲಲ್ಲಿ, ಬಹಳ ಸಲ ಕುರ್ಚಿಯಲ್ಲಿ ಕೂತು. ಕೂತಾಗ ಮೈಭಾರ ಮುಂಗಾಲಿಗೆ ಬರುವುದಿಲ್ಲ. ಪೆಡಲ್ ಕೆಟ್ಟಿದೆ ಅಂದುಕೊಳ್ಳುವ ಎಷ್ಟೋ ಜನರ ಸಮಸ್ಯೆ ಇಷ್ಟೇ: ಸ್ವಿಚ್ ತಗ್ಗಿನಲ್ಲಿದೆ, ಬರಿಗಾಲಿನ ಭಾರ ಸಾಲುತ್ತಿಲ್ಲ. ಸ್ವಿಚ್ಚಿನ ಕುತ್ತಿಗೆಯಲ್ಲಿ ಡಬ್ಬಿಯ ಮೇಲೊಂದು, ಒಳಗೊಂದು ನಟ್ ಇರುತ್ತದೆ. ತಳದ ಪ್ಲೇಟ್ ಬಿಚ್ಚಿ, ಒಳಗಿನ ನಟ್ಟನ್ನು ಒಂದು ಸುತ್ತು ಇಳಿಸಿ, ಸ್ವಿಚ್ಚನ್ನು ಅಷ್ಟು ಮೇಲಕ್ಕೆ ತಳ್ಳಿ, ಮೇಲಿನ ನಟ್ ಬಿಗಿ ಮಾಡಿ. ಒಮ್ಮೆಗೆ ಒಂದೇ ಸುತ್ತು. ಹೆಚ್ಚು ಏರಿಸಿದರೆ ಸೋಲೋ ಮಧ್ಯೆ ಮುಂಗಾಲು ಒತ್ತಿದಾಗಲೆಲ್ಲ ವಾ ಆಫ್ ಆಗುತ್ತದೆ, ಅದು ಇನ್ನೂ ಕೆಟ್ಟದ್ದು. ಮನೆಯಲ್ಲಿ ಬರಿಗಾಲಿಗೆ ಹೊಂದಿಸಿದ್ದನ್ನು ಸ್ಟೇಜಿಗೆ ಒಯ್ಯುವ ಮುನ್ನ ಶೂ ಹಾಕಿ ಒಮ್ಮೆ ನೋಡಿಕೊಳ್ಳಿ.

ಮೋರ್ಲಿಯ ವಾ ಆನ್-ಆಫ್ ಮಾಡಲು ಸ್ವಿಚ್ಚೇ ಬೇಡ. ಪಾದ ಇಟ್ಟು ಒತ್ತಿದರೆ ಆನ್, ತೆಗೆದರೆ ಸ್ಪ್ರಿಂಗ್ ಪ್ಲೇಟನ್ನು ಹಿಂದಕ್ಕೆ ತಂದು ಆಫ್. ಕೂತು ನುಡಿಸುವವರಿಗೆ, ಹಾಡುತ್ತಾ ನುಡಿಸುವವರಿಗೆ ಇದಕ್ಕಿಂತ ನೆಮ್ಮದಿ ಇಲ್ಲ. ಒಂದೇ ಸಾಲಿಗೆ ವಾ ಬೇಕು, ಮುಂದಿನ ಸಾಲಿಗೆ ಬೇಡ ಅಂದರೆ ಕಾಲು ಇಟ್ಟು ಎತ್ತಿದರೆ ಸಾಕು. ಕಳೆದುಕೊಳ್ಳುವುದೂ ಒಂದಿದೆ. ಪೆಡಲನ್ನು ಅರ್ಧದಲ್ಲಿ ನಿಲ್ಲಿಸಿ, ಕಾಲು ತೆಗೆದು, ಆ ಮೂಗಿನ ಟೋನನ್ನೇ ಹಾಡಿಡೀ ಬಳಸುವ ಪದ್ಧತಿ ಇದೆಯಲ್ಲ, ಅದು ಇಲ್ಲಿ ಆಗದು. ಕಾಲು ಅಲ್ಲೇ ಹಿಡಿದಿರಬೇಕು. ಮೂರು ನಿಮಿಷ ಒಂದೇ ಕೋನದಲ್ಲಿ ಹಿಡಿದರೆ ಮೀನಖಂಡ ಸೆಟೆದುಕೊಳ್ಳುತ್ತದೆ. ಸ್ಪ್ರಿಂಗಿನ ಎದುರೊತ್ತಡಕ್ಕೂ ಕೆಲವು ದಿನದ ರೂಢಿ ಬೇಕು. ಕಾಲು ಎತ್ತಿದ ಕೂಡಲೇ ಆಫ್ ಆಗದೆ ಅರೆಕ್ಷಣ ತಡೆಯುವ ಹೊಂದಾಣಿಕೆ ಕೆಲವು ಮಾದರಿಗಳ ಒಳಗಿರುತ್ತದೆ; ನಿಧಾನಗತಿಯ ಹಾಡಿಗೆ ಅದು ಉಪಯೋಗ.

ಪ್ಲೇಟ್ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವುದು ಕ್ರೈ ಬೇಬಿ, ವಾಕ್ಸ್‌ಗಳ ದೊಡ್ಡ ಗುಣ. ತಾನಾಗಿ ಹಿಂದಕ್ಕೆ ಬೀಳುತ್ತಿದ್ದರೆ ಡಬ್ಬಿಯೊಳಗೆ ಪ್ಲೇಟಿನ ಅಡ್ಡ ಸರಳನ್ನು ಅದುಮಿ ಹಿಡಿದಿರುವ ಪಟ್ಟಿಯ ಸ್ಕ್ರೂಗಳನ್ನು ಕಾಲು ಸುತ್ತಷ್ಟು ಬಿಗಿ ಮಾಡಿ. ಎರಡನ್ನೂ ಸಮನಾಗಿ ತಿರುಗಿಸಬೇಕು, ಇಲ್ಲದಿದ್ದರೆ ಪ್ಲೇಟ್ ಒಂದು ಕಡೆ ಕಚ್ಚುತ್ತದೆ.

ಇನ್ನು ಸವೆತ. ಪಾಟ್ ಇರುವ ವಾ ಒಂದಲ್ಲ ಒಂದು ದಿನ ಕರಕರ ಅನ್ನುತ್ತದೆ. ಧೂಳಿನ ಊರಿನಲ್ಲಿ ಬೇಗ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೇವವೂ ಸೇರಿ ಇನ್ನೂ ಬೇಗ. ರಿಪೇರಿಗೆ ಒಯ್ಯುವ ಮುನ್ನ ಹೀಗೆ ಮಾಡಿ. ಅಡಾಪ್ಟರ್, ಕೇಬಲ್ ಎಲ್ಲ ಕಳಚಿ ತಳದ ನಾಲ್ಕು ಸ್ಕ್ರೂ ಬಿಚ್ಚಿ. ಹಲ್ಲಿನ ಪಟ್ಟಿಯೊಂದು ಮೇಲೆ ಕೆಳಗೆ ಆಡುತ್ತಾ ಪಾಟ್‌ನ ಪುಟ್ಟ ಗೇರನ್ನು ತಿರುಗಿಸುವುದು ಕಾಣುತ್ತದೆ. ಪಾಟ್‌ನ ಮೂರು ಕಾಲುಗಳ ಪಕ್ಕದ ಸಂದಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್‌ನ ತೆಳು ನಳಿಗೆ ಇಟ್ಟು ಅರ್ಧ ಸೆಕೆಂಡು ಚಿಮ್ಮಿಸಿ. ಪ್ಲೇಟನ್ನು ಈ ತುದಿಯಿಂದ ಆ ತುದಿಗೆ ಮೂವತ್ತು ಸಲ ಆಡಿಸಿ. ಹತ್ತು ನಿಮಿಷ ಒಣಗಲು ಬಿಟ್ಟು ನುಡಿಸಿ ನೋಡಿ. ಬಾಗಿಲ ಕೀಲಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ. ಅದು ಒಂದು ವಾರ ಸದ್ದು ಅಡಗಿಸಿ, ಆಮೇಲೆ ಧೂಳನ್ನೆಲ್ಲ ಅಂಟಿಸಿಕೊಳ್ಳುತ್ತದೆ.

ಎರಡು ಸಲ ತೊಳೆದರೂ ಕರಕರ ಹೋಗದಿದ್ದರೆ ಪಾಟ್ ಬದಲಿಸಬೇಕು. ಇಲ್ಲಿ ಬಹಳ ಜನ ಎಡವುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ 100ಕೆ ಪಾಟ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಆದರೆ ಅದು ವಾ ಪಾಟ್ ಅಲ್ಲ. ವಾ ಪಾಟ್‌ನ ಏರಿಕೆಯ ರೀತಿಯೇ ಬೇರೆ. ಮಾಮೂಲಿ ಪಾಟ್ ಹಾಕಿದರೆ ಮುಕ್ಕಾಲು ದಾರಿ ಏನೂ ಕೇಳದೆ ಕೊನೆಯ ಚೂರಿನಲ್ಲಿ ಎಲ್ಲ ಒಟ್ಟಿಗೆ ನುಗ್ಗಿಬರಬಹುದು. ಗೇರ್ ಕೂರುವ ದಂಡವೂ ಹೊಂದಬೇಕು. ಹಾಗಾಗಿ ವಾ ಪಾಟ್ ಎಂದೇ ಹೇಳಿ ತರಿಸಿ. ಹೊಸ ಪಾಟ್ ಹಾಕಿದ ಮೇಲೂ ಕರಕರ ಇದ್ದರೆ ತಪ್ಪು ಪಾಟ್‌ನದ್ದಲ್ಲದಿರಬಹುದು. ಪಾಟ್‌ಗೆ ಸಿಗ್ನಲ್ ತರುವ 0.22 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೋರಿ, ಡಿಸಿ ಒಳನುಗ್ಗುತ್ತಿರಬಹುದು. ಆ ಕೆಪಾಸಿಟರ್ ಮಾತ್ರ ಎಸ್.ಪಿ. ರಸ್ತೆಯಲ್ಲೇ ಸಿಗುತ್ತದೆ, ಬೆಲೆ ಏನೇನೂ ಇಲ್ಲ.

ಮೋರ್ಲಿಗೆ ಈ ತಲೆನೋವು ಒಂದೂ ಇಲ್ಲ. ಉಜ್ಜಾಡುವ ಭಾಗವೇ ಇಲ್ಲದ ಮೇಲೆ ಕರಕರ ಎಲ್ಲಿಂದ ಬರಬೇಕು? ವಾರಕ್ಕೆ ಮೂರು ಕಾರ್ಯಕ್ರಮ ನುಡಿಸುವವರಿಗೆ ಈ ಒಂದೇ ಕಾರಣ ಸಾಕು ಅನ್ನಿಸುತ್ತದೆ. ಆದರೆ ಬೆಳಕಿನ ಭಾಗ ಕೈಕೊಟ್ಟರೆ ಮನೆಯಲ್ಲಿ ಸರಿಮಾಡುವುದು ಪಾಟ್ ಬದಲಿಸಿದಷ್ಟು ಸಲೀಸಲ್ಲ.

ಪಾಟ್ ವಾಗಳಲ್ಲಿ ಕೈಯಾರೆ ಮಾಡಬಹುದಾದ, ನಿಜಕ್ಕೂ ಫಲ ಕೊಡುವ ಒಂದು ಹೊಂದಾಣಿಕೆ ಗೇರಿನ ಹಲ್ಲು ಬದಲಿಸುವುದು. ಹಿಮ್ಮಡಿ ಕಡೆ ತೀರಾ ಗುಮ್ಮೆನ್ನುತ್ತಿದ್ದರೆ, ಅಥವಾ ಮುಂಗಾಲಿನ ಕಡೆ "ಏ" ಪೂರ್ತಿ ತೆರೆಯದಿದ್ದರೆ ಇದನ್ನು ಮಾಡಿ. ಮೊದಲು ಗೇರ್ ಮತ್ತು ಪಟ್ಟಿ ಕಚ್ಚಿರುವ ಜಾಗಕ್ಕೆ ಮಾರ್ಕರ್‌ನಿಂದ ಚುಕ್ಕೆ ಇಡಿ. ಪಾಟ್‌ನ ನಟ್ ಸಡಿಲಿಸಿ, ಪಾಟನ್ನು ಪಟ್ಟಿಯಿಂದ ಚೂರು ದೂರ ಸರಿಸಿ, ಒಂದೇ ಹಲ್ಲು ತಿರುಗಿಸಿ, ಮತ್ತೆ ಕಚ್ಚಿಸಿ ಬಿಗಿ ಮಾಡಿ. ಆಮೇಲೆ ಪ್ಲೇಟನ್ನು ಎರಡೂ ತುದಿಗೆ ನಿಧಾನವಾಗಿ ಒಯ್ಯಿರಿ. ಪ್ಲೇಟ್ ಕೊನೆ ಮುಟ್ಟುವ ಮೊದಲೇ ಪಾಟ್ ತನ್ನ ಕೊನೆಗೆ ಬಂದು ನಿಂತರೆ ಸ್ವಿಚ್ ಕ್ಲಿಕ್ ಆಗುವುದಿಲ್ಲ. ಜೋರು ಮಾಡಿದರೆ ಹಲ್ಲು ಹಾರುತ್ತದೆ. ಹಾಗಾದರೆ ಚುಕ್ಕೆಗೆ ವಾಪಸ್ ಬನ್ನಿ.

ಹಳೆಯ ಸರ್ಕ್ಯೂಟ್ ಬೋರ್ಡುಗಳಲ್ಲಿ ಬಿಡಿಭಾಗ ಬದಲಿಸಿ ಸ್ವರವನ್ನೂ ತಿದ್ದಬಹುದು. ಇಂಡಕ್ಟರ್‌ಗೆ ಸಮಾನಾಂತರವಾಗಿರುವ 33ಕೆ ರೆಸಿಸ್ಟರ್ ತೆಗೆದು 47ಕೆ ಅಥವಾ 68ಕೆ ಹಾಕಿದರೆ ಉಬ್ಬು ಚೂಪಾಗಿ ಮಾತಾಡಿದಂತೆ ಕೇಳುತ್ತದೆ. 0.01 ಮೈಕ್ರೋಫ್ಯಾರಡ್ ಕೆಪಾಸಿಟರ್ ಬದಲು 0.015 ಹಾಕಿದರೆ ಇಡೀ ಓಟ ಕೆಳಗಿಳಿಯುತ್ತದೆ. ಹೊಸ ಬೋರ್ಡುಗಳ ಭಾಗಗಳು ಸಾಸಿವೆಯಷ್ಟು ಚಿಕ್ಕವು, ಮೇಲ್ಮೈಗೇ ಬೆಸೆದವು; ಅವಕ್ಕೆ ಕೈಹಾಕುವ ಬದಲು ಡನ್ಲಪ್‌ನದೇ 535ಕ್ಯೂ ಕೊಳ್ಳುವುದು ಮೇಲು. ಅದರಲ್ಲಿ ಓಟದ ಆರು ವಲಯ, ಚೂಪಿನ ಗುಂಡಿ, ಬೂಸ್ಟ್ ಎಲ್ಲ ಹೊರಗೇ ಇವೆ.

ಫಝ್ (ದನಿಯನ್ನು ಒರಟಾಗಿ ಒಡೆಯುವ ಪೆಡಲ್) ಬಳಸುವವರಿಗೆ ಒಂದು ಮಾತು. ಗಿಟಾರ್, ವಾ, ಆಮೇಲೆ ಫಝ್ ಫೇಸ್ ತರಹದ ಹಳೆಯ ಫಝ್ ಇಟ್ಟರೆ ಪಾಟ್ ವಾದ ಓಟ ಸತ್ತುಹೋಗುತ್ತದೆ: ಕಾಲು ಆಡುತ್ತದೆ, ಸ್ವರ ಆಡುವುದಿಲ್ಲ. ಫಝ್‌ನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ತೀರಾ ಕಡಿಮೆ, ವಾದ ಔಟ್‌ಪುಟ್ಟನ್ನು ಅದುಮಿಬಿಡುತ್ತದೆ. ಫಝ್ ಮೊದಲು, ವಾ ಆಮೇಲೆ ಇಡಿ. ಅಥವಾ ಎರಡರ ನಡುವೆ ಒಂದು ಬಫರ್ (ಸಿಗ್ನಲ್ ಕುಗ್ಗದಂತೆ ಕಾಯುವ ಪುಟ್ಟ ಸರ್ಕ್ಯೂಟ್) ಸೇರಿಸಿ. ಬಫರ್ ಹಾಕಿದರೆ ಫಝ್ ತುಸು ಕರ್ಕಶವಾಗುತ್ತದೆ, ಗಿಟಾರಿನ ವಾಲ್ಯೂಮನ್ನು 8ರ ಆಸುಪಾಸಿಗೆ ಇಳಿಸಿ ಸರಿದೂಗಿಸಿ. ಮಾಮೂಲಿ ಡಿಸ್ಟಾರ್ಷನ್ ಪೆಡಲ್‌ಗಳಿಗೆ ಈ ತೊಂದರೆ ಇಲ್ಲ. ವಾ ಡಿಸ್ಟಾರ್ಷನ್‌ಗಿಂತ ಮೊದಲಿದ್ದರೆ ಮಾತಿನಂತೆ, ಆಮೇಲಿದ್ದರೆ ಸಿಂಥಸೈಜರ್‌ನಂತೆ ಕೇಳುತ್ತದೆ.

ಕರೆಂಟ್ ವಿಷಯಕ್ಕೆ ಬಂದರೆ ಈ ವಾಗಳು 9 ವೋಲ್ಟ್ ಡಿಸಿ, ನಡುಪಿನ್ ನೆಗೆಟಿವ್. ಕ್ರೈ ಬೇಬಿ, ವಾಕ್ಸ್ ಬ್ಯಾಟರಿಯನ್ನು ಹನಿಹನಿಯಾಗಿ ಕುಡಿಯುತ್ತವೆ, ತಿಂಗಳುಗಟ್ಟಲೆ ಬರುತ್ತದೆ, ಆದರೆ ನುಡಿಸಿದ ಮೇಲೆ ಇನ್‌ಪುಟ್ ಜ್ಯಾಕ್‌ನಿಂದ ಕೇಬಲ್ ಕೀಳಬೇಕು. ಕೇಬಲ್ ಇದ್ದಷ್ಟು ಹೊತ್ತೂ ಪೆಡಲ್ ಆನ್ ಇದ್ದಂತೆಯೇ. ಎಲ್‌ಇಡಿ ಉರಿಯುವ ಮೋರ್ಲಿಗೆ ಅಡಾಪ್ಟರ್ ಇಟ್ಟುಕೊಳ್ಳುವುದೇ ಜಾಣತನ. ಮಳೆಗಾಲದಲ್ಲಿ ಪೆಡಲ್ ಎತ್ತಿಡುವಾಗ ಬ್ಯಾಟರಿ ತೆಗೆದಿಡಿ, ಇಲ್ಲದಿದ್ದರೆ ಕ್ಲಿಪ್ ಹಸಿರುಗಟ್ಟುತ್ತದೆ.

ವಾ ಆನ್ ಮಾಡಿದಾಗ ಮಾತ್ರ ಗುಂಯ್ ಅನ್ನುವ ಹಮ್ ಬಂದರೆ ಪೆಡಲ್ ವಾಪಸ್ ಮಾಡುವ ಮುನ್ನ ಅದನ್ನು ಪವರ್ ಸಪ್ಲೈನಿಂದ ಒಂದಡಿ ದೂರ ಸರಿಸಿ. ಇಂಡಕ್ಟರ್ ಅಂದರೆ ತಂತಿ ಸುರುಳಿ. ಪಕ್ಕದ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರವನ್ನು ಅದು ಗಿಟಾರ್ ಪಿಕಪ್‌ನಂತೆಯೇ ಹಿಡಿದುಕೊಳ್ಳುತ್ತದೆ. ಪೆಡಲ್ ಬೋರ್ಡಿನಲ್ಲಿ ವಾ ಬಲತುದಿಯಲ್ಲಿದ್ದರೆ ಸಪ್ಲೈ ಎಡತುದಿಗೆ ಹೋಗಲಿ.

ಯಾವುದನ್ನು ಕೊಳ್ಳಬೇಕು? ರಾಕ್, ಮೆಟಲ್ ಸೋಲೋ, ನಿಂತು ನುಡಿಸುವ ರೂಢಿ, ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಹಿಂಜರಿಕೆ ಇಲ್ಲ ಅಂದರೆ ಜಿಸಿಬಿ95. ಕ್ಲೀನ್ ಟೋನ್, ಫಂಕ್, ಸಿಂಗಲ್ ಕಾಯಿಲ್ ಆದರೆ ವಾಕ್ಸ್. ಕೂತು ನುಡಿಸುವವರು, ಹಾಡುವವರು, ಪೆಡಲ್ ಬಿಚ್ಚುವ ಗೊಡವೆಯೇ ಬೇಡ ಅನ್ನುವವರು ಮೋರ್ಲಿ ತೆಗೆದುಕೊಳ್ಳಲಿ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಆಂಪ್ ಕ್ಲೀನ್ ಇಟ್ಟು, ತಂತಿ ಮುಟ್ಟದೆ ಪ್ಲೇಟನ್ನು ನಿಧಾನವಾಗಿ ಆಡಿಸಿ ಕರಕರ ಕೇಳಿ. ಸ್ವಿಚ್ಚನ್ನು ಹತ್ತು ಸಲ ಒತ್ತಿ. ಪ್ಲೇಟನ್ನು ಎಡಬಲಕ್ಕೆ ಅಲ್ಲಾಡಿಸಿ, ಗಡಗಡ ಅಂದರೆ ಕೀಲು ಸವೆದಿದೆ. ಅಂಗಡಿಗೆ ಹೋಗುವಾಗ, ಸ್ಟೇಜಿನಲ್ಲಿ ಯಾವ ಶೂ ಹಾಕುತ್ತೀರೋ ಅದನ್ನೇ ಹಾಕಿಕೊಂಡು ಹೋಗಿ. ಅಲ್ಲಿ ಶೂ ಬಿಚ್ಚಿಯೂ ಒಮ್ಮೆ ತುಳಿದು ನೋಡಿ.