‘ಎಲ್ಲರ ಮೊಬೈಲಲ್ಲೂ ಇದೆ’ ಅಂತ ಷೇರು ಕೊಳ್ಳುವ ಮುಂಚೆ

ಶಿರಸಿ, ಸಿದ್ದಾಪುರ ಕಡೆ ಒಬ್ಬ ಏಜೆಂಟ್ ಮತ್ತೆ ಓಡಾಡುತ್ತಿದ್ದಾನೆ. ಅಮೆರಿಕದ ದೊಡ್ಡ ಟೆಕ್ ಕಂಪನಿಗಳ ಷೇರು ಕೊಡಿಸುತ್ತೇನೆ ಎನ್ನುತ್ತಾನೆ. ಅಡಿಕೆ ಮಾರಿದ ದುಡ್ಡು ಕೈಗೆ ಬರುವ ಹೊತ್ತಿಗೇ ಸರಿಯಾಗಿ ಬರುತ್ತಾನೆ. ನಮ್ಮ ಭಾವನಿಗೆ ಏನಾಯಿತು ಅಂತ ಹೇಳುತ್ತೇನೆ, ಕೇಳಿ.

2021ರ ಕೊನೆ. ಜಗಲಿಯಲ್ಲಿ ಕೂತು ಆತ ಭಾವನ ಮೊಬೈಲನ್ನೇ ಕೈಗೆ ತಗೊಂಡ. ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರನ್ನೂ ಬೆರಳಿಟ್ಟು ತೋರಿಸಿದ. ‘ಮೂರೂ ಒಂದೇ ಕಂಪನಿದು. ನಿಮ್ಮನೆ ಅಜ್ಜಿಯೂ ನೋಡ್ತಾರೆ. ಇದಕ್ಕೆ ಎದುರಾಳಿ ಯಾರಿದ್ದಾರೆ ಹೇಳಿ?’ ಭಾವನಿಗೂ ಯಾರೂ ಕಾಣಲಿಲ್ಲ. ಮಗಳ ಇಂಜಿನಿಯರಿಂಗ್ ಫೀಗೆ ಎತ್ತಿಟ್ಟ ದುಡ್ಡು ಆ ಕಂಪನಿಯ, ಅಂದರೆ ಮೆಟಾದ, ಷೇರಿಗೆ ಹೋಯಿತು. ಒಂದಕ್ಕೆ ಸುಮಾರು 330 ಡಾಲರ್.

ಕಾಣುವುದಾದರೂ ಹೇಗೆ ಮಾರಾಯ್ರೇ? ಎದುರಾಳಿ ಟಿಕ್‌ಟಾಕ್. ನಮ್ಮ ದೇಶದಲ್ಲಿ ಅದನ್ನು 2020ರ ಜೂನ್‌ನಲ್ಲೇ ನಿಷೇಧಿಸಿದ್ದರು. ಶಿರಸಿಯಲ್ಲಿ ಕೂತವರಿಗೆ ಅದು ಮುಗಿದುಹೋದ ಕತೆ. ಅಮೆರಿಕದಲ್ಲಿ ಹುಡುಗ ಹುಡುಗಿಯರು ಅದಕ್ಕೇ ಅಂಟಿಕೊಂಡಿದ್ದರು. ಇನ್ನೊಂದು ಪೆಟ್ಟು ಆಪಲ್‌ನಿಂದ ಬಂತು. ಬಳಸುವವರ ಜಾಡು ಹಿಡಿಯಬೇಕಾದರೆ ಆಪ್‌ಗಳು ಮೊದಲು ಅವರನ್ನು ಕೇಳಬೇಕು ಅಂತ 2021ರಲ್ಲಿ ಐಫೋನ್‌ನಲ್ಲಿ ನಿಯಮ ಮಾಡಿದರು. ಬಹಳ ಜನ ಬೇಡ ಅಂದರು. ಜಾಡು ಹಿಡಿದು ಅವರವರಿಗೆ ತಕ್ಕ ಜಾಹೀರಾತು ತೋರಿಸುವುದರಿಂದಲೇ ಮೆಟಾಗೆ ದುಡ್ಡು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದು ಅಂತ ಮೆಟಾದವರೇ ಹೇಳಿದರು. ನಮ್ಮೂರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಆಂಡ್ರಾಯ್ಡ್. ಹಾಗಾಗಿ ಅದೂ ಗೊತ್ತಾಗಲಿಲ್ಲ.

2022ರ ಫೆಬ್ರವರಿ 3ರಂದು ಒಂದೇ ದಿನ ಷೇರು ಶೇ. 26 ಕುಸಿಯಿತು. ನವೆಂಬರ್ ಹೊತ್ತಿಗೆ 90 ಡಾಲರ್‌ಗಿಂತ ಕೆಳಗೆ. ಫೀ ಕಟ್ಟುವ ಸಮಯವೂ ಅದೇ. ಮಾರಲೇಬೇಕಾಯಿತು. ರೂಪಾಯಿ ಎದುರು ಡಾಲರ್ ಏರಿದ್ದರಿಂದ ಚೂರು ಉಳಿಯಿತು ಅಷ್ಟೇ. ಬಾಕಿಗೆ ಸೊಸೈಟಿ ಸಾಲ.

ಆಮೇಲೆ ಷೇರು ಎದ್ದಿತು, 2024ರ ಜನವರಿಯಲ್ಲಿ ಹಳೇ ದಾಖಲೆಯನ್ನೂ ಮುರಿಯಿತು. ಏಜೆಂಟ್ ಈಗ ಅದನ್ನೇ ತೋರಿಸಿ ‘ತಡೆದಿದ್ದರೆ’ ಅಂತಾನೆ. ಕಾಲೇಜಿನವರು ತಡೀತಾರಾ? ಬಿದ್ದ ಕಂಪನಿಗಳೆಲ್ಲ ಏಳುವುದೂ ಇಲ್ಲ. ಒಂದು ಕಾಲಕ್ಕೆ ಎಲ್ಲರ ಕಿಸೆಯಲ್ಲೂ ನೋಕಿಯಾನೇ ಇತ್ತಲ್ವಾ? 2014ರಲ್ಲಿ ಆ ಮೊಬೈಲ್ ವ್ಯಾಪಾರ ಮೈಕ್ರೋಸಾಫ್ಟ್ ಪಾಲಾಯಿತು.

ಲಾಭ ಜಾಸ್ತಿ ಕಂಡ ಕಡೆ ನಾಲ್ಕು ಜನ ನುಗ್ಗೇ ನುಗ್ಗುತ್ತಾರೆ. ವೆನಿಲ್ಲಾಕ್ಕೆ ಬೆಲೆ ಏರಿದಾಗ ಎಲ್ಲರೂ ಬಳ್ಳಿ ನೆಟ್ಟು ಆಮೇಲೆ ಬೆಲೆ ಹೇಗೆ ನೆಲಕಚ್ಚಿತು ಅಂತ ಶಿರಸಿಯವರಿಗೆ ನಾನು ಹೇಳಬೇಕಾ?

ಈ ಸಲ ಆತನ ಬಾಯಲ್ಲಿ ಎನ್‌ವಿಡಿಯಾ. ಎಐ (ಕೃತಕ ಬುದ್ಧಿಮತ್ತೆ) ನಡೆಸುವ ಚಿಪ್ ಬೇಕಾದರೆ ಬೇರೆ ಗತಿಯೇ ಇಲ್ಲವಂತೆ. ಚೀನಾದ ಡೀಪ್‌ಸೀಕ್ ಕಂಪನಿ ಕಡಿಮೆ ಖರ್ಚಲ್ಲಿ ಎಐ ಮಾಡಿದೆ ಅನ್ನುವ ಸುದ್ದಿಗೆ 2025ರ ಜನವರಿ 27ರಂದು ಆ ಷೇರು ಒಂದೇ ದಿನ ಶೇ. 17 ಬಿದ್ದಿದ್ದನ್ನು ಆತ ಹೇಳುವುದಿಲ್ಲ. ಅದರ ದೊಡ್ಡ ಗಿರಾಕಿಗಳಾದ ಗೂಗಲ್, ಅಮೆಜಾನ್ ಸ್ವಂತ ಚಿಪ್ ಮಾಡಿಕೊಳ್ಳುತ್ತಿರುವುದನ್ನೂ ಹೇಳುವುದಿಲ್ಲ. ನೀವೇ ಕೇಳಿ. ಹಾಗೇ ಸೆಬಿ (ಷೇರುಪೇಟೆ ನಿಯಂತ್ರಿಸುವ ಸಂಸ್ಥೆ) ಕೊಟ್ಟ ನೋಂದಣಿ ಸಂಖ್ಯೆಯನ್ನೂ ಕೇಳಿ. ಹೂಡಿಕೆ ಸಲಹೆಗಾರರದ್ದು ‘ಐಎನ್‌ಎ’ ಅಂತ ಶುರುವಾಗುತ್ತದೆ, ಸೆಬಿ ವೆಬ್‌ಸೈಟಲ್ಲಿ ಹುಡುಕಿದರೆ ಹೆಸರು ಸಿಗಬೇಕು. ಭಾವ ಕೇಳಿದ್ದಕ್ಕೆ ಆತ ವಿಸಿಟಿಂಗ್ ಕಾರ್ಡ್ ಕೊಟ್ಟು ಹೋದ.